ಎಂಬತ್ತೇಳನೆಯ ಗೂಡು

ನಮ್ಮ ಕಾಲೇಜಿನ ಗ್ರಂಥಾಲಯದ ಬಾಗಿಲಲ್ಲಿ ಒಂದು ಮರದ ಕಪಾಟಿತ್ತು. ಅದರಲ್ಲಿ ಅಂಗೈಯಗಲದ ಇನ್ನೂರ ನಲವತ್ತು ಗೂಡುಗಳು. ಕಪಾಟಿನ ಮುಂದೆ ಒಂದು ಮೇಜು, ಮೇಜಿನ ಹಿಂದೆ ಬಿಲ್ಲೆಯಕ್ಕ. ಓದಲು ಹೋಗುವವರು ಫೋನನ್ನು ಅವರ ಕೈಗೆ ಕೊಡಬೇಕು. ಅವರು ಅದನ್ನು ಒಂದು ಗೂಡಿನಲ್ಲಿಟ್ಟು ಆ ಗೂಡಿನ ಅಂಕಿಯಿರುವ ಬಿಲ್ಲೆ ಕೊಡುತ್ತಿದ್ದರು. ಹೊರಗೆ ಬಂದು ಬಿಲ್ಲೆ ಕೊಟ್ಟರೆ ಫೋನು ವಾಪಸು. ಹತ್ತೊಂಬತ್ತು ವರ್ಷ, ಮೊದಲು ಚೀಲಗಳಿಗೆ, ಆಮೇಲೆ ಫೋನುಗಳಿಗೆ, ಅವರು ಮಾಡಿದ ಕೆಲಸ ಇಷ್ಟೆ.

ಬಿಲ್ಲೆಗಳು ಅಲ್ಯೂಮಿನಿಯಂನವು. ಒಂದು ಮುಖದಲ್ಲಿ ಅಂಕಿ, ಇನ್ನೊಂದು ಮುಖದಲ್ಲಿ ಸೈಕಲ್ ಚಕ್ರ. ಪುಸ್ತಕಕ್ಕೂ ಚಕ್ರಕ್ಕೂ ಏನು ನಂಟು ಎಂದು ಹೊಸದಾಗಿ ಸೇರಿದವರು ಕೇಳುತ್ತಿದ್ದರು. ಕಾಲೇಜಿಗೆ ಬರುವ ಮೊದಲು ಬಿಲ್ಲೆಯಕ್ಕ ಊರಿನ ಟಾಕೀಸಿನ ಸೈಕಲ್ ಸ್ಟ್ಯಾಂಡಿನಲ್ಲಿದ್ದರು. ಟಾಕೀಸು ಮುಚ್ಚಿದ ದಿನ ಮಾಲೀಕ ಬಿಲ್ಲೆಗಳ ಡಬ್ಬಿಯನ್ನು ಅವರ ಕೈಗಿತ್ತು "ಗುಜರಿಗೆ ಹಾಕಮ್ಮ" ಎಂದನಂತೆ. ಅವರು ಹಾಕಲಿಲ್ಲ. ಎರಡು ವರ್ಷದ ಮೇಲೆ ಇಲ್ಲಿ ಕೆಲಸಕ್ಕೆ ಸೇರಿದಾಗ ಡಬ್ಬಿ ಹೊತ್ತುಕೊಂಡೇ ಬಂದರು. ನಲವತ್ತೊಂದು ಮತ್ತು ನೂರ ಅರವತ್ತಾರು ಕಳೆದುಹೋಗಿದ್ದವು. ಆ ಎರಡು ಗೂಡುಗಳಲ್ಲಿ ಒಂದರಲ್ಲಿ ಸೂಜಿದಾರ, ಇನ್ನೊಂದರಲ್ಲಿ ಕನ್ನಡಕ ಇಡುತ್ತಿದ್ದರು.

ಫೋನುಗಳ ಕಾಲ ಬಂದಾಗ ಚೀಲದ ಕಪಾಟನ್ನು ಸಣ್ಣ ಗೂಡುಗಳಾಗಿ ಸೀಳಿಕೊಟ್ಟವರು ಅವರ ಗಂಡ. ಅವರು ಬಡಗಿ; ಗರಗಸದ ಸದ್ದಿನಲ್ಲಿ ಮೂವತ್ತು ವರ್ಷ ಕಳೆದು ಒಂದು ಕಿವಿ ಮಂದವಾಗಿತ್ತು. ಮೊದಲ ವಾರವೇ ಒಂದು ಫೋನು ಗುಂಯ್‌ಗುಡುತ್ತ ತಾನಾಗಿ ಅಂಚಿನವರೆಗೆ ನಡೆದು ಬಂದು ಕೆಳಗೆ ಬಿತ್ತು. ಅವತ್ತು ಸಂಜೆ ಬಿಲ್ಲೆಯಕ್ಕ ಮನೆಯ ಹಳೆಯ ಕಂಬಳಿಯನ್ನು ತುಂಡು ಮಾಡಿ ಪ್ರತಿ ಗೂಡಿಗೂ ಹಾಸಿದರು. "ಇವಳಿಗೆ ಮಕ್ಕಳು ಇನ್ನೂರ ಮೂವತ್ತೆಂಟು. ಎಲ್ಲಕ್ಕೂ ಹಾಸಿಗೆ ಆಯ್ತು. ನನಗೆ ಹೊದಿಯೋಕಿಲ್ಲ" ಎಂದು ಗಂಡ ಕಾಲೇಜಿಗೆ ಬಂದಾಗಲೆಲ್ಲ ದೂರುತ್ತಿದ್ದರು.

ಬಿಲ್ಲೆಯಕ್ಕನ ಬಾಯಿಗೆ ಸಿಕ್ಕಿ ಉಳಿದವರಿಲ್ಲ.

"ಅಕ್ಕಾ, ಬೇಗ ಕೊಡಿ, ಅರ್ಜೆಂಟು."

"ಏನಪ್ಪಾ ಅರ್ಜೆಂಟು, ಹೆರಿಗೆಗೆ ಹೊರಟಿದ್ದೀಯಾ?"

"ಅಕ್ಕಾ, ಹುಷಾರು, ಹೊಸ ಫೋನು."

"ಹೊಸದಾದ್ರೆ ಎದ್ದು ಓಡಿಹೋಗತ್ತಾ? ಬಿಲ್ಲೆ ಹಿಡಿ. ತಲೆಯನ್ನೂ ಇಲ್ಲೇ ಬಿಟ್ಟು ಹೋಗ್ಬೇಡ, ಒಳಗೆ ಬೇಕಾಗತ್ತೆ."

ಗೂಡಿನಲ್ಲಿ ಯಾವುದಾದರೂ ಫೋನು ಗುಂಯ್‌ಗುಟ್ಟಿದರೆ ಸಾಲಿನಲ್ಲಿ ನಿಂತವರೆಲ್ಲ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಫೋನು ಕೊಟ್ಟು ಬಿಲ್ಲೆ ಹಿಡಿದು ನಿಂತವರೂ ಮುಟ್ಟಿಕೊಳ್ಳುತ್ತಿದ್ದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ರಂತೆ" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ರಿಂಗಾದ ಫೋನನ್ನು ಅವರು ಮುಟ್ಟುತ್ತಿರಲಿಲ್ಲ. ಪರದೆಯ ಮೇಲೆ ಯಾರ ಹೆಸರು ಬಂತೆಂದು ನೋಡುತ್ತಲೂ ಇರಲಿಲ್ಲ. "ಅವರ ಮನೆ ಬಾಗಿಲು ಯಾರೋ ತಟ್ತಿದಾರೆ. ನಾನ್ಯಾಕೆ ಇಣುಕ್ಲಿ?" ಬಿಲ್ಲೆ ತಂದವರಿಗೆ ಫೋನು, ಬಿಲ್ಲೆ ಇಲ್ಲದಿದ್ದರೆ ಪ್ರಾಂಶುಪಾಲರಿಗೂ ಇಲ್ಲ. ಓದುವ ಕೋಣೆಯೊಳಗೆ ಅವರು ಹೋಗುತ್ತಿದ್ದುದೇ ಅಪರೂಪ. ಹೋಗುವ ಅಗತ್ಯ ಬಿದ್ದಿರಲಿಲ್ಲ. ಗೂಡಿನಲ್ಲಿ ಫೋನಿದೆ ಎಂದರೆ ಮಗು ಒಳಗಿದೆ. ಒಮ್ಮೆ ವಿದ್ಯುತ್ ಪೆಟ್ಟಿಗೆಯಲ್ಲಿ ಹೊಗೆ ಬಂದು ಎಲ್ಲರನ್ನೂ ಹೊರಗೆ ಕರೆಯಬೇಕಾಯಿತು. ಗ್ರಂಥಪಾಲಕಿ ಮೇಡಂ ಗಾಬರಿಯಿಂದ ಒಳಗೆ ಎಷ್ಟು ಜನ ಇದ್ದಾರೆಂದು ಕೇಳಿದಾಗ ಬಿಲ್ಲೆಯಕ್ಕ ಕಪಾಟನ್ನು ಒಮ್ಮೆ ನೋಡಿ "ಮೂವತ್ತೊಂದು" ಎಂದರು. ಹೊರಗೆ ಬಂದವರನ್ನು ಎಣಿಸಿದರೆ ಮೂವತ್ತೊಂದೇ. ಆ ಕಥೆಯನ್ನು ಮೇಡಂ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

ಎಂಬತ್ತೇಳು ನನ್ನ ಹಾಸ್ಟೆಲ್ ಕೋಣೆಯವಳು. ಗ್ರಂಥಾಲಯದಲ್ಲಿ ಯಾವಾಗಲೂ ಅದೇ ಬಿಲ್ಲೆಯನ್ನು ಕೇಳಿ ತೆಗೆದುಕೊಳ್ಳುತ್ತಿದ್ದಳು. ಯಾವುದೋ ಕಾಲದಲ್ಲಿ ಸೈಕಲ್ಲಿನ ಚಕ್ರಕ್ಕೆ ಸಿಕ್ಕಿ ಅದರ ಅಂಚು ಬಾಗಿತ್ತು. ಹೆಬ್ಬೆರಳು ಅಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ ಎನ್ನುತ್ತಿದ್ದಳು. ಅದರಿಂದ ಬಿಲ್ಲೆಯಕ್ಕನಿಗೆ ಅವಳು ಎಂಬತ್ತೇಳು ಆದಳು. ಅವರಿಂದ ನಮಗೂ.

ಮೊದಲ ವರ್ಷ ಅವಳು ಸಸ್ಯಶಾಸ್ತ್ರದಲ್ಲಿ ತರಗತಿಗೆ ಎರಡನೆಯವಳು. ಎರಡನೆಯ ವರ್ಷದ ನಡುವೆ ಓದು ನಿಂತಿತು. ಕೂರುವುದು ಮಾತ್ರ ನಿಲ್ಲಲಿಲ್ಲ. ಕೋಣೆಯಲ್ಲಿ ಪುಸ್ತಕ ತೆರೆದು, ಅದಕ್ಕೆ ಫೋನು ಒರಗಿಸಿ, ಬೇರೆಯವರು ಓದುವುದನ್ನು ನೋಡುತ್ತಿದ್ದಳು. ಅಂಥ ವಿಡಿಯೊಗಳಿವೆ: ಯಾವುದೋ ದೇಶದ ಹುಡುಗಿಯೊಬ್ಬಳು ದೀಪದ ಕೆಳಗೆ ಮೇಜಿಗೆ ಕುಳಿತು ಮಾತಿಲ್ಲದೆ ನಾಲ್ಕು ಗಂಟೆ ಓದುತ್ತಾಳೆ. ಪುಟ ಮಗುಚುವ ಸದ್ದು, ಪೆನ್ನಿನ ಸದ್ದು. ಸಾವಿರಾರು ಜನ ಅದನ್ನು ನೋಡುತ್ತ ತಾವೂ ಓದುತ್ತಾರಂತೆ. ಇವಳು ನೋಡುತ್ತಿದ್ದಳು. ಒಂದು ಮುಗಿದರೆ ಇನ್ನೊಂದು. ನಡುವೆ ಬೇರೆ ಚೂರುಪಾರು ವಿಡಿಯೊಗಳು, ಹೆಬ್ಬೆರಳು ಮೇಲಕ್ಕೆ, ಮೇಲಕ್ಕೆ. ಸಂಜೆಗೆ ಅವಳ ಪುಸ್ತಕ ಬೆಳಗ್ಗಿನ ಪುಟದಲ್ಲೇ ಇರುತ್ತಿತ್ತು. ತರಗತಿಗೆ ಬರುವುದು ಕಡಿಮೆಯಾಯಿತು. ಆಂತರಿಕ ಪರೀಕ್ಷೆಯೊಂದನ್ನು ಬರೆಯಲಿಲ್ಲ. ಹಾಜರಾತಿಯ ಪಟ್ಟಿಯಲ್ಲಿ ಅವಳ ಹೆಸರಿನ ಎದುರು ಕೆಂಪು ಗೆರೆ ಬಂತು: ಅಂತಿಮ ಪರೀಕ್ಷೆಯಲ್ಲಿ ಎಲ್ಲ ಪತ್ರಿಕೆಗಳಲ್ಲೂ ಪಾಸಾಗದಿದ್ದರೆ ಸೀಟು ಹೋಗುತ್ತದೆ.

ಕಾಲೇಜಿನಲ್ಲಿ ಆಪ್ತ ಸಮಾಲೋಚನೆಗೆಂದು ಒಂದು ಕೋಣೆ ಇತ್ತು, ಮಂಗಳವಾರ ಮಾತ್ರ ತೆರೆಯುವುದು. ಅವಳು ಒಂದು ಮಂಗಳವಾರ ಅಲ್ಲಿಗೆ ಹೋಗಿ ಬಂದಳು. "ಏನಂದ್ರು?" ಎಂದು ಕೇಳಿದೆ. "ಉತ್ತರ ಪತ್ರಿಕೆ ಕಟ್ಟುಗಳನ್ನ ತುಂಬಿಸಿದಾರೆ. ಕೂರೋಕೆ ಜಾಗ ಇಲ್ಲ" ಎಂದಳು. ಇಬ್ಬರೂ ನಕ್ಕೆವು.

ಪರೀಕ್ಷೆಗೆ ಇಪ್ಪತ್ತೊಂದು ದಿನ ಇದ್ದಾಗ, ಒಂದು ಸೋಮವಾರ ಬೆಳಗ್ಗೆ, ಅವಳು ಬಿಲ್ಲೆಯಕ್ಕನ ಮೇಜಿನ ಮುಂದೆ ಫೋನಿನ ಜೊತೆ ಚಾರ್ಜರನ್ನೂ ಇಟ್ಟಳು. ನಾನು ಅವಳ ಹಿಂದೆ ಸಾಲಿನಲ್ಲಿದ್ದೆ.

"ಇದೇನಮ್ಮ, ಗುಂಯ್‌ಗುಡೋ ಜೀರುಂಡೆ ಸಂಸಾರ ಸಮೇತ ಬಂದಿದೆ?" ಎಂದರು ಬಿಲ್ಲೆಯಕ್ಕ.

"ಪರೀಕ್ಷೆ ಮುಗಿಯೋವರೆಗೆ ಇಟ್ಕೊಳ್ಳಿ ಅಕ್ಕ. ನಾನೇ ಬಂದು ಕೇಳಿದ್ರೂ ಕೊಡ್ಬೇಡಿ."

"ಬಿಲ್ಲೆ ತಂದ್ರೆ ಕೊಡ್ಲೇಬೇಕು. ಅದು ನನ್ನ ನಿಯಮ."

ಅವಳು ಬಿಲ್ಲೆಯನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಒಮ್ಮೆ ಅಂಚು ಸವರಿ, ಮತ್ತೆ ಮೇಜಿನ ಮೇಲಿಟ್ಟಳು. "ಹಾಗಾದ್ರೆ ಇದನ್ನೂ ನೀವೇ ಇಟ್ಕೊಳ್ಳಿ."

ಬಿಲ್ಲೆಯಕ್ಕ ಅವಳ ಮುಖ ನೋಡಿದರು. ಸಾಲು ಹಿಂದಿನಿಂದ ನೂಕುತ್ತಿತ್ತು. ಬಿಲ್ಲೆಯನ್ನು ನಲವತ್ತೊಂದನೆಯ ಗೂಡಿನಲ್ಲಿ, ಸೂಜಿದಾರದ ಪಕ್ಕ ಇಟ್ಟರು. "ಹೋಗು, ಓದ್ಕೋ. ನಾನಿದೀನಿ."

"ಸ್ವಿಚ್ ಆಫ್ ಮಾಡಿ ಕೊಡ್ಲಾ?"

"ಬೇಡ. ಸತ್ತ ಫೋನ್ ವಾಪಸ್ ಕೊಟ್ಟೋಳು ಅನ್ನೋ ಹೆಸರು ನನಗೆ ಬೇಡ. ಚಾರ್ಜ್ ಹಾಕಿ ನೋಡ್ಕೋತೀನಿ."

ಮೊದಲ ವಾರ ಅವಳು ಬೆಳಗ್ಗೆಯೇ ಹೋಗಿ ಕಿಟಕಿಯ ಪಕ್ಕದ ಮೇಜು ಹಿಡಿಯುತ್ತಿದ್ದಳು. ಪೆನ್ಸಿಲಿನಿಂದ ಒಂದೇ ಸಾಲಿನ ಕೆಳಗೆ ಮತ್ತೆ ಮತ್ತೆ ಗೆರೆ ಎಳೆಯುತ್ತಿದ್ದಳು. ಭಾನುವಾರ ನನ್ನ ಫೋನಿನಿಂದ ಅಮ್ಮನಿಗೆ ಕರೆ ಮಾಡಿದಳು. ಅವಳ ಅಮ್ಮ ಎರಡು ಊರಿನಾಚೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದರು, ತಂದೆ ಇರಲಿಲ್ಲ. "ಫೋನ್ ಲೈಬ್ರರಿಯಲ್ಲಿದೆ ಅಮ್ಮ. ಚೆನ್ನಾಗಿ ಓದ್ತಿದೀನಿ. ಮುಂದಿನ ಭಾನುವಾರ ಮಾಡ್ತೀನಿ" ಎಂದಳು.

ಎರಡನೆಯ ವಾರದ ಮಂಗಳವಾರ ಮೇಜಿನ ಮುಂದೆ ಬಂದು ನಿಂತಳು.

"ಅಕ್ಕ, ಐದು ನಿಮಿಷ ಕೊಡಿ."

"ಕೊಡಲ್ಲ."

"ಅಮ್ಮನ ಹತ್ರ ಮಾತಾಡ್ಬೇಕು."

"ಮೇಡಂ ಮೇಜಿನ ಮೇಲೆ ಫೋನಿದೆ. ಅಲ್ಲಿಂದ ಮಾಡು."

"ನನ್ನ ಫೋನು. ನಂದನ್ನ ನನಗೆ ಕೊಡೋಕೆ ನಿಮಗೇನು ಕಷ್ಟ?"

"ಬಿಲ್ಲೆ ಎಲ್ಲಿ?"

"ಬಿಲ್ಲೆ ನಿಮ್ಮ ಹತ್ರಾನೇ ಇದೆಯಲ್ಲ!"

"ಅದಕ್ಕೇ ಕೊಡಲ್ಲ. ಯಾರು ಹೇಳಿದ್ದು, ನಾನೇ ಕೇಳಿದ್ರೂ ಕೊಡ್ಬೇಡಿ ಅಂತ? ನಮ್ಮಜ್ಜಿನಾ?"

ಸಾಲಿನಲ್ಲಿದ್ದವರು ನಕ್ಕರು. ಅವಳ ಕಿವಿ ಕೆಂಪಾಯಿತು. ಮೆಟ್ಟಿಲಿಳಿದು ಹೋದಳು. ಗ್ರಂಥಪಾಲಕಿ ಮೇಡಂ ಒಳಗಿನಿಂದಲೇ "ಶಭಾಷ್ ಬಿಲ್ಲೆಯಕ್ಕ" ಎಂದರು.

ಅವತ್ತು ಸಂಜೆ ಬಿಲ್ಲೆಯಕ್ಕ ಇದನ್ನು ಗಂಡನಿಗೆ ಹೇಳಿದರಂತೆ. ಅವರು ಸರಿಯಿದ್ದ ಕಿವಿಯನ್ನು ಇತ್ತ ತಿರುಗಿಸಿ ಪೂರ್ತಿ ಕೇಳಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗ್ಲಿಲ್ಲ ತಾನೇ?" ಎಂದರಂತೆ.

"ನಿಮಗೆ ಕಿವಿ ಕೇಳಲ್ಲ, ಬಾಯಿ ಮಾತ್ರ ಸರಿಯಾಗಿದೆ" ಎಂದು ಬಿಲ್ಲೆಯಕ್ಕ ಎದ್ದು ಹೋಗಿದ್ದರು. ಇದನ್ನು ಅವರೇ ಆಮೇಲೆ ನನಗೆ ಹೇಳಿದ್ದು.

ಬುಧವಾರದಿಂದ ಅವಳು ಗ್ರಂಥಾಲಯಕ್ಕೆ ಹೋಗಲಿಲ್ಲ.

ಬಿಲ್ಲೆಯಕ್ಕನಿಗೆ ಅದು ತಿಳಿಯಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಕಪಾಟು ಬಹುಪಾಲು ತುಂಬಿರುತ್ತಿತ್ತು. ಒಬ್ಬರ ಹಿಂದೊಬ್ಬರು ಕೈ ಚಾಚುತ್ತಿದ್ದರು. ಅವರು ನೋಡುತ್ತಿದ್ದುದು ಕೈಗಳನ್ನು. ಕೊಡಲು ಫೋನಿಲ್ಲದವಳು ಮೇಜಿನ ಪಕ್ಕದಿಂದ ಹಾದುಹೋಗುತ್ತಾಳೆ, ಜಗಳವಾಡಿದ ನಾಚಿಕೆಗೆ ತಲೆ ತಗ್ಗಿಸಿಕೊಂಡು ಹೋಗುತ್ತಿರಬೇಕು ಎಂದುಕೊಂಡರು. ಎಂಬತ್ತೇಳನೆಯ ಗೂಡಿನಲ್ಲಿ ಫೋನು ಇತ್ತು. ಎರಡು ದಿನಕ್ಕೊಮ್ಮೆ ಅದನ್ನು ಹೊರಗೆ ತೆಗೆದು, ಸೆರಗಿನಿಂದ ಪರದೆ ಒರೆಸಿ, ಕುಂಡದ ಗಿಡಕ್ಕೆ ನೀರು ಹಾಕುವವರಂತೆ ಮರೆಯದೆ ಚಾರ್ಜ್‌ಗೆ ಹಾಕುತ್ತಿದ್ದರು. ದಿನಾ ನಾಲ್ಕೂಕಾಲಿಗೆ ಅದು ಕಂಬಳಿಯ ತುಂಡಿನ ಮೇಲೆ ಗುಂಯ್‌ಗುಟ್ಟಿ ಸುಮ್ಮನಾಗುತ್ತಿತ್ತು. ಅವರು ಆ ಕಡೆ ನೋಡುತ್ತಿರಲಿಲ್ಲ.

ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೊದಲ ದಿನ ನಾನು ಒಳ್ಳೆಯದೇ ಆಯಿತು ಎಂದುಕೊಂಡೆ. ಫೋನು ಬಿಟ್ಟಿದ್ದಾಳೆ, ಆರು ತಿಂಗಳ ನಿದ್ದೆ ಬಾಕಿ ಇದೆ, ತೀರಿಸಿಕೊಳ್ಳಲಿ. ಎರಡನೆಯ ದಿನ ತಟ್ಟೆಯಲ್ಲಿ ಊಟ ತಂದುಕೊಟ್ಟೆ, ಅರ್ಧ ತಿಂದಳು. ಮೂರನೆಯ ದಿನ ತಿನ್ನಲಿಲ್ಲ. ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು ಅಂಗೈಯಗಲ ಕಿತ್ತಿದ್ದಳು. ಹಾಸಿಗೆಯ ಮೇಲೆ ಚಾಚಿದ ಬಲಗೈಯ ಹೆಬ್ಬೆರಳು ಬಟ್ಟೆಯ ಮೇಲೆ ಮೇಲಕ್ಕೆ, ಮೇಲಕ್ಕೆ ಹೋಗುತ್ತಿತ್ತು. ಅದನ್ನು ನೋಡಿ ನಾನು ನಕ್ಕು, "ನೋಡೇ, ನಿನ್ನ ಬೆರಳಿಗೆ ಇನ್ನೂ ಗೊತ್ತಾಗಿಲ್ಲ" ಎಂದೆ. ಅವಳು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಭಾನುವಾರ "ಅಮ್ಮನಿಗೆ ಮಾಡಲ್ವಾ?" ಎಂದು ಕೇಳಿದೆ. "ಆಮೇಲೆ" ಎಂದಳು. ಸಂಜೆ ಗುರುತಿಲ್ಲದ ನಂಬರಿನಿಂದ ನನ್ನ ಫೋನಿಗೆ ಎರಡು ಸಲ ಕರೆ ಬಂತು. ನಾನು ಇಯರ್‌ಫೋನ್ ಹಾಕಿಕೊಂಡು ಏನೋ ನೋಡುತ್ತಿದ್ದೆ. ಎರಡು ಸಲವೂ ಕತ್ತರಿಸಿದೆ.

ಸೋಮವಾರ ಗ್ರಂಥಾಲಯದ ದೂರವಾಣಿ ರಿಂಗಾಯಿತು. ಮೇಡಂ ಊಟಕ್ಕೆ ಹೋಗಿದ್ದರು, ಬಿಲ್ಲೆಯಕ್ಕ ಎತ್ತಿದರು. ಕಾಲೇಜಿನ ಕಚೇರಿಯಿಂದ ನಂಬರು ಪಡೆದು ಆ ತಾಯಿ ಮಾಡಿದ ಕರೆ ಅದು. ಹಿಂದೆ ಹೊಲಿಗೆ ಯಂತ್ರಗಳ ಸದ್ದು.

"ನನ್ನ ಮಗಳು ಅಲ್ಲಿಗೆ ಬರ್ತಿದಾಳಾ ಅಮ್ಮ? ಫೋನ್ ನಿಮ್ಮ ಹತ್ರ ಕೊಟ್ಟಿದೀನಿ ಅಂದಿದ್ಲು. ನಿನ್ನೆ ಕರೆ ಮಾಡ್ಲಿಲ್ಲ."

ಬಿಲ್ಲೆಯಕ್ಕ ತಲೆಯೆತ್ತಿ ಕಪಾಟನ್ನು ನೋಡಿದರು. ಎಂಬತ್ತೇಳರಲ್ಲಿ ಫೋನಿತ್ತು.

"ಒಳಗಿದಾಳೆ, ಓದ್ತಿದಾಳೆ. ಏನೂ ಯೋಚನೆ ಮಾಡ್ಬೇಡಿ" ಎಂದರು.

ಮಂಗಳವಾರ ಮೂರು ಗಂಟೆಗೆ ನಾನು ಅವಳ ಸಸ್ಯಶಾಸ್ತ್ರದ ಪುಸ್ತಕ ಹಿಂದಿರುಗಿಸಲು ಹೋದೆ. ಅವಧಿ ಮುಗಿದಿದೆಯೆಂದು ಕೋಣೆಗೆ ಚೀಟಿ ಬಂದಿತ್ತು. ನನ್ನ ಫೋನು ಕೊಟ್ಟು ನೂರ ಎರಡರ ಬಿಲ್ಲೆ ತೆಗೆದುಕೊಂಡೆ. ಬಿಲ್ಲೆಯಕ್ಕನ ಕಣ್ಣು ಪುಸ್ತಕದ ಮೇಲಿನ ಚೀಟಿಗೆ ಹೋಯಿತು.

"ಅವಳ ಪುಸ್ತಕ ನೀನ್ಯಾಕೆ ತಂದೆ? ಅವಳು ಒಳಗೇ ಇದಾಳಲ್ಲ."

"ಯಾರು? ಎಂಬತ್ತೇಳಾ? ಅವಳು ಹೋದ ಬುಧವಾರದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ ಅಕ್ಕ."

ಅವರು ಎದ್ದು ಓದುವ ಕೋಣೆಯ ಬಾಗಿಲಿಗೆ ಹೋದರು. ಕಿಟಕಿಯ ಪಕ್ಕದ ಮೇಜಿನಲ್ಲಿ ಬೇರೆ ಯಾರೋ ಕುಳಿತಿದ್ದರು. ಮೇಜಿನಿಂದ ಮೇಜಿಗೆ ಹೋಗಿ ಪ್ರತಿಯೊಂದು ಮುಖವನ್ನೂ ಬಗ್ಗಿ ನೋಡಿದರು. ಓದುತ್ತಿದ್ದವರು ತಲೆಯೆತ್ತಿ, ಇವರಿಗೇನಾಯಿತು ಎಂಬಂತೆ ಒಬ್ಬರನ್ನೊಬ್ಬರು ನೋಡಿಕೊಂಡರು. ಬಿಲ್ಲೆಯಕ್ಕ ಹೊರಗೆ ಬಂದು ಗೂಡಿನ ಕಡೆ ನೋಡಿದರು. ಫೋನಿನ ಹಸಿರು ಚುಕ್ಕೆ ಮಿನುಗುತ್ತಿತ್ತು.

"ಊಟ?"

"ಸರಿಯಾಗಿ ಮಾಡ್ತಿಲ್ಲ."

"ಏನಾದ್ರೂ ಹೇಳಿದ್ಲಾ?"

ನಾನು ನೆನಪಿಸಿಕೊಂಡೆ. ಹಿಂದಿನ ದಿನ ಒಂದು ಮಾತು ಹೇಳಿದ್ದಳು. ನಾನು ಅರ್ಧ ಕೇಳಿಸಿಕೊಂಡಿದ್ದೆ. "ನಾನಿಲ್ಲ ಅಂದ್ರೆ ಯಾರಿಗೂ ತೊಂದರೆ ಆಗಲ್ಲ ಅಲ್ವಾ ಅಂದ್ಲು."

"ನೀನೇನಂದೆ?"

"ಸುಮ್ನಿರೇ ಅಂದೆ."

ಬಿಲ್ಲೆಯಕ್ಕ ಕಪಾಟಿನ ಜಾಲರಿ ಬಾಗಿಲನ್ನು ಎಳೆದು ಬೀಗ ಹಾಕಿದರು. ಕೀಲಿ ಸೊಂಟಕ್ಕೆ ಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಸಂಜೆ ಐದೂವರೆಗೆ ಮುಂಚೆ ಆ ಬೀಗ ಬಿದ್ದದ್ದು ಅದೇ ಮೊದಲು. ಬಿಲ್ಲೆ ಹಿಡಿದು ಹೊರಬಂದಿದ್ದ ಇಬ್ಬರು "ಅಕ್ಕಾ, ಫೋನು, ಅಕ್ಕಾ!" ಎನ್ನುತ್ತಿದ್ದಂತೆಯೇ ಅವರು ಮೆಟ್ಟಿಲಿಳಿದಿದ್ದರು. ನಾನು ಹಿಂದೆ ಓಡಿದೆ.

ಹಾಸ್ಟೆಲ್ಲಿಗೆ ಹತ್ತು ನಿಮಿಷದ ದಾರಿ. ದಾರಿಯಲ್ಲಿ ಅವರು ಎಲ್ಲೂ ನಿಲ್ಲಲಿಲ್ಲ. ಮೂರನೆಯ ಮಹಡಿ ಹತ್ತುವಾಗ ಮಾತ್ರ ಒಮ್ಮೆ ಕಟಕಟೆ ಹಿಡಿದು ನಿಂತು ಉಸಿರು ತೆಗೆದುಕೊಂಡರು.

ಅವಳು ಮಲಗಿದ್ದಲ್ಲೇ ಇದ್ದಳು. ಬಿಲ್ಲೆಯಕ್ಕ ನನ್ನ ಮಂಚದ ಮೇಲೆ ಕೂತರು. ಎರಡು ಮಂಚಗಳ ನಡುವೆ ಮೊಣಕಾಲು ತಗಲುವಷ್ಟೇ ಜಾಗ.

"ನಾನು ಕಣಮ್ಮ."

"ಫೋನ್ ಬೇಡ ಅಕ್ಕ ನನಗೆ" ಎಂದಳು ಗೋಡೆಗೆ. "ಈಗ ಅದೂ ಬೇಡ."

"ಫೋನ್ ತಂದಿಲ್ಲ."

ಕೆಳಗೆ ಯಾರೋ ಬಕೆಟ್ಟಿಗೆ ನೀರು ಬಿಟ್ಟಿದ್ದರು, ಅದು ತುಂಬಿ ಹರಿಯುವ ಸದ್ದು. ಬಿಲ್ಲೆಯಕ್ಕ ಅವಳ ಪಾದದ ಮೇಲೆ ಕೈ ಇಟ್ಟರು.

"ನಿನಗೆ ಸಾಯೋ ಯೋಚನೆ ಬರ್ತಿದೆಯಾ?"

ಅಂಥ ಪ್ರಶ್ನೆಯನ್ನು ಹಾಗೆ, ಎಷ್ಟು ಗಂಟೆಯಾಯಿತು ಎಂದು ಕೇಳುವಷ್ಟು ನೇರವಾಗಿ ಕೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಅವಳು ತಿರುಗಲಿಲ್ಲ. ತಲೆ ಸ್ವಲ್ಪ ಅಲುಗಿತು. ಹೌದು ಎಂದು.

"ಸರಿ. ಅಮ್ಮನನ್ನ ಕರೆಸೋಣ."

ಆಮೇಲೆ ಅವರು ನನ್ನ ಕಡೆ ನೋಡಿದರು. ನಾನು ಜೇಬು ಮುಟ್ಟಿಕೊಂಡೆ. ಕೈಗೆ ಸಿಕ್ಕಿದ್ದು ನೂರ ಎರಡರ ಬಿಲ್ಲೆ. ತಾಯಿಯ ನಂಬರು ನನ್ನ ಫೋನಿನಲ್ಲಿತ್ತು. ಭಾನುವಾರ ನಾನು ಕತ್ತರಿಸಿದ್ದು ಅದನ್ನೇ ಎಂದು ಆ ಕ್ಷಣಕ್ಕೆ ಹೊಳೆಯಿತು. ನನ್ನ ಫೋನು ಕಪಾಟಿನಲ್ಲಿ, ಅವಳದೂ ಕಪಾಟಿನಲ್ಲಿ, ಕೀಲಿ ಇಲ್ಲಿ.

"ವಾರ್ಡನ್ ಕೋಣೇಲಿ ದೂರವಾಣಿ ಇದೆ" ಎಂದೆ. "ಆದ್ರೆ ನಂಬರ್ ಗೊತ್ತಿಲ್ಲ."

ಆಗ ಅವಳು ಗೋಡೆಗೆ ಮುಖ ಇಟ್ಟುಕೊಂಡೇ ಅಂಕಿಗಳನ್ನು ಹೇಳತೊಡಗಿದಳು. ನಡುವೆ ಒಮ್ಮೆ ನಿಂತಳು. ಬಿಲ್ಲೆಯಕ್ಕ ಕಾದರು. ಮತ್ತೆ ಮೊದಲಿನಿಂದ ಶುರುಮಾಡಿ ಪೂರ್ತಿ ಹೇಳಿದಳು. ಬರೆದುಕೊಳ್ಳಲು ಕೈಗೆ ಏನೂ ಸಿಗದೆ ಬಿಲ್ಲೆಯಕ್ಕ ಅವನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಎದ್ದು, "ನೀನು ಇಲ್ಲೇ ಇರು, ಅಲುಗಬೇಡ, ಅವಳ ಮುಖ ಕಾಣೋ ಹಾಗೆ ಕೂತ್ಕೋ" ಎಂದು ನನಗೆ ಹೇಳಿ ಕೆಳಗೆ ಹೋದರು. ನಾನು ಅವಳ ಮಂಚ ಹತ್ತಿ ತಲೆದಿಂಬಿನ ಹತ್ತಿರ, ಕಿತ್ತ ಸುಣ್ಣಕ್ಕೆ ಒರಗಿ ಕೂತೆ. ಏಳು ದಿನದಲ್ಲಿ ನಾನು ಅವಳ ಮುಖ ನೋಡಿದ್ದು ಅದೇ ಮೊದಲು.

ಅತ್ತ ಗ್ರಂಥಾಲಯದಲ್ಲಿ ಅರವತ್ತು ಚಿಲ್ಲರೆ ಜನ ಬಿಲ್ಲೆ ಹಿಡಿದು ಒಂದೂಕಾಲು ಗಂಟೆ ನಿಂತಿದ್ದರು. ಕೆಲವರು ಜಾಲರಿ ಅಲುಗಾಡಿಸಿ ನೋಡಿದರು. ಕೆಲವರು ಮೆಟ್ಟಿಲ ಮೇಲೆ ಕೂತು ಏನು ಮಾಡಬೇಕೆಂದು ತಿಳಿಯದೆ ಪರಸ್ಪರ ಊರು ಕೇರಿ ವಿಚಾರಿಸಿಕೊಂಡರು. ಒಬ್ಬ ಪ್ರಾಂಶುಪಾಲರ ಕೋಣೆಗೆ ಹೋಗಿ ದೂರು ಕೊಟ್ಟ. ವಾರ್ಡನ್ನನ್ನು ಅವಳ ಪಕ್ಕ ಕೂರಿಸಿ, ನಾಲ್ಕೂವರೆಗೆ ಬಿಲ್ಲೆಯಕ್ಕ ಹಿಂತಿರುಗಿ ಬೀಗ ತೆಗೆದಾಗ ಗದ್ದಲವೋ ಗದ್ದಲ. ಅವರು ಬಿಲ್ಲೆ ತೆಗೆದುಕೊಂಡರು, ಫೋನು ಕೊಟ್ಟರು. ಆದರೆ ಕೊಡುವಾಗ ಪ್ರತಿಯೊಬ್ಬರ ಮುಖವನ್ನೂ ನೋಡಿದರು ಎಂದು ಆ ಸಾಲಿನಲ್ಲಿದ್ದವಳೊಬ್ಬಳು ನನಗೆ ಹೇಳಿದಳು. ಅವಳಿಗೆ ಸ್ವಲ್ಪ ಹೆದರಿಕೆಯಾಯಿತಂತೆ.

ತಾಯಿ ಅವತ್ತೇ ಸಂಜೆ ಬಂದರು. ಮರುದಿನ ಬೆಳಗ್ಗೆ ದೊಡ್ಡಾಸ್ಪತ್ರೆಗೆ ಹೋಗುವ ಮುಂಚೆ ಫೋನು ತೆಗೆದುಕೊಳ್ಳಲು ಗ್ರಂಥಾಲಯಕ್ಕೆ ಬಂದಾಗ ನಾನೂ ಜೊತೆಗಿದ್ದೆ. ಅವರ ರವಿಕೆಯ ತೋಳಿನಲ್ಲಿ ಇನ್ನೂ ಬಿಳಿ ದಾರದ ಚೂರುಗಳಿದ್ದವು. ಬಿಲ್ಲೆಯಕ್ಕ ಎದ್ದು ನಿಂತರು.

"ಮೊನ್ನೆ ನಿಮ್ಮ ಹತ್ರ ಮಾತಾಡಿದ್ದು ನಾನೇ. ಒಳಗಿದಾಳೆ ಅಂದೆ. ಇರ್ಲಿಲ್ಲ. ನೋಡದೆ ಹೇಳ್ದೆ. ತಪ್ಪಾಯ್ತು."

ಆ ತಾಯಿ ಫೋನನ್ನು ಕೈಯಲ್ಲಿ ಹಿಡಿದು ನೋಡಿದರು. ಪರದೆ ಶುಭ್ರವಾಗಿತ್ತು. ಚಾರ್ಜು ಪೂರ್ತಿ ಇತ್ತು.

"ನಾನು ದಿನಾ ಪಾಳಿ ಮುಗಿಸಿ ನಾಲ್ಕೂಕಾಲಿಗೆ ಫೋನ್ ಮಾಡ್ತಿದ್ದೆ" ಎಂದರು. "ಎತ್ತಲ್ಲ ಅಂತ ಗೊತ್ತಿತ್ತು. ರಿಂಗ್ ಆಗ್ತಿದೆಯಲ್ಲ, ಹಾಗಾದ್ರೆ ಚೆನ್ನಾಗಿದಾಳೆ ಅಂತ ಅಂದ್ಕೊಳ್ತಿದ್ದೆ."

ಬಿಲ್ಲೆಯಕ್ಕ ಅರ್ಧ ದಿನ ರಜೆ ಬರೆದುಕೊಟ್ಟು ಅವರ ಜೊತೆ ಆಸ್ಪತ್ರೆಗೆ ಹೋದರು. ವೈದ್ಯೆ ಅವಳನ್ನು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: ಮೊದಲು ಬಂದದ್ದು ಯಾವುದು, ನಿದ್ದೆ ಹೋದದ್ದೋ ಫೋನು ಹಿಡಿದದ್ದೋ? ನೆನಪಿಲ್ಲ ಎಂದಳಂತೆ. ಇವತ್ತೇ ನೆನಪಾಗಬೇಕಿಲ್ಲ ಎಂದರಂತೆ ವೈದ್ಯೆ. ಖಿನ್ನತೆ ಎಂದು ಬರೆದರು. ಮಾತ್ರೆ, ವಾರಕ್ಕೊಮ್ಮೆ ಮಾತುಕತೆ, ಸದ್ಯಕ್ಕೆ ಅಮ್ಮನ ಜೊತೆ ಮನೆಯಲ್ಲಿ. ಫೋನನ್ನು ಒಮ್ಮೆಗೇ ಕಿತ್ತುಕೊಳ್ಳುವುದೂ ಬೇಡ, ಒಬ್ಬಳನ್ನೇ ಅದರ ಜೊತೆ ಬಿಡುವುದೂ ಬೇಡ. ಆ ವರ್ಷದ ಪರೀಕ್ಷೆ ಅವಳು ಬರೆಯಲಿಲ್ಲ. ವೈದ್ಯೆಯ ಪತ್ರ ನೋಡಿ ಸೀಟು ಉಳಿಸಿಕೊಟ್ಟರು.

ಕರ್ತವ್ಯದ ಸ್ಥಳವನ್ನು ಬಿಟ್ಟು ಹೋದದ್ದಕ್ಕೆ ಕಾರಣ ಕೇಳಿ ಬಿಲ್ಲೆಯಕ್ಕನಿಗೆ ಮೆಮೋ ಬಂತು. ಅವರು ಕನ್ನಡಕ ಹಾಕಿಕೊಂಡು ಉತ್ತರ ಬರೆದರು: "ಒಂದು ಗೂಡಿನಲ್ಲಿ ಫೋನಿತ್ತು, ಅದರ ಮಗು ಒಳಗಿರಲಿಲ್ಲ. ಹುಡುಕಲು ಹೋಗಿದ್ದೆ."

ಮೇಡಂ ಓದಿ, "ಕೊನೆಯಲ್ಲಿ ಕ್ಷಮಿಸಬೇಕು ಅಂತ ಒಂದು ಸಾಲು ಸೇರ್ಸಿ ಬಿಲ್ಲೆಯಕ್ಕ, ಹಾಗೇ ಕೊಟ್ರೆ ಚೆನ್ನಾಗಿರಲ್ಲ" ಎಂದರು.

"ಅದನ್ನ ಹೇಳ್ಬೇಕಾದೋರಿಗೆ ಹೇಳಾಯ್ತು ಮೇಡಂ."

ಹಾಗೆಯೇ ಕೊಟ್ಟರು. ಮುಂದೆ ಏನೂ ಆಗಲಿಲ್ಲ.

ಅಂದಿನಿಂದ ಅವರು ಗಂಟೆಗೊಮ್ಮೆ ಕಪಾಟಿಗೆ ಬೀಗ ಹಾಕಿ ಓದುವ ಕೋಣೆಯೊಳಗೆ ಒಂದು ಸುತ್ತು ಬರುತ್ತಾರೆ. ಆ ಐದು ನಿಮಿಷ ಹೊರಗೆ ಕಾಯುವವರು ಗೊಣಗುತ್ತಾರೆ. "ಅಕ್ಕಾ, ಪರೀಕ್ಷೆವರೆಗೆ ನನ್ನ ಫೋನೂ ಇಟ್ಕೊಳ್ಳಿ" ಎಂದು ಈಗಲೂ ವರ್ಷಕ್ಕೆ ನಾಲ್ಕೈದು ಜನ ಬರುತ್ತಾರೆ.

"ಇಟ್ಕೋತೀನಿ. ಆದ್ರೆ ದಿನಾ ಬಂದು ನನ್ನ ಮುಂದೆ ನಿಂತು ಮುಖ ತೋರಿಸ್ಬೇಕು."

"ಮುಖ ತೋರಿಸೋದಾ? ಯಾಕಕ್ಕ, ನಾನೇನು ಮದುವೆ ಹೆಣ್ಣಾ?"

"ಒಂದು ದಿನ ತಪ್ಪಿದ್ರೆ ನಾನೇ ಮೂರು ಮಹಡಿ ಹತ್ತಿ ಬರ್ತೀನಿ. ನನ್ನ ಮಂಡಿ ನೋವು ನಿನ್ನ ಲೆಕ್ಕಕ್ಕೆ."

ಹೆಚ್ಚಿನವರು ಇದಕ್ಕೆ ಒಪ್ಪದೆ ಫೋನು ವಾಪಸು ತೆಗೆದುಕೊಂಡು ಹೋಗುತ್ತಾರೆ.

ಎಂಬತ್ತೇಳು ಒಂದು ವರ್ಷದ ಮೇಲೆ ಮರಳಿ ಬಂದಳು, ನಮ್ಮ ಹಿಂದಿನ ತರಗತಿಯವರ ಜೊತೆ. ಸ್ವಲ್ಪ ದಪ್ಪವಾಗಿದ್ದಳು, ಮಾತ್ರೆಗಳಿಂದ ಎಂದಳು. ಮೇಜಿನ ಮುಂದೆ ನಿಂತು ಫೋನು ಚಾಚಿದಾಗ ಬಿಲ್ಲೆಯಕ್ಕ ಅದನ್ನು ತೆಗೆದುಕೊಳ್ಳುವ ಮೊದಲು ಅವಳ ಮುಖ ನೋಡಿದರು. ಆಮೇಲೆ ಕೇಳದೆಯೇ ಎಂಬತ್ತೇಳನ್ನು ಕೊಟ್ಟರು.

"ಐದೂವರೆಗೆ ಬಂದು ತಗೊಂಡು ಹೋಗ್ಬೇಕು. ರಾತ್ರಿಗೆ ಇಟ್ಕೊಳ್ಳಲ್ಲ."

"ಹೂಂ ಅಕ್ಕ."

ನಾನು ಕೊನೆಯ ವರ್ಷದವಳು, ಎರಡು ಮೇಜು ಹಿಂದೆ ಕೂತಿದ್ದೆ. ಅವಳು ಕಿಟಕಿಯ ಪಕ್ಕ ಪುಸ್ತಕ ತೆರೆದಿದ್ದಳು. ಹೆಬ್ಬೆರಳು ಬಿಲ್ಲೆಯ ಬಾಗಿದ ಅಂಚಿನ ಮೇಲೆ ಮೇಲಕ್ಕೆ, ಮೇಲಕ್ಕೆ ಹೋಗುತ್ತಿತ್ತು. ಬಹಳ ಹೊತ್ತಿನಿಂದ ಪುಟ ಮಗುಚಿರಲಿಲ್ಲ. ಹನ್ನೊಂದು ಗಂಟೆಗೆ ಬಿಲ್ಲೆಯಕ್ಕ ಒಳಗೆ ಬಂದು ತುಟಿ ಅಲುಗಿಸುತ್ತ ತಲೆಗಳನ್ನು ಎಣಿಸಿಕೊಂಡು ಅವಳ ಮೇಜಿನ ಹತ್ತಿರ ಬಂದರು.

"ಇದ್ದೀನಿ ಅಕ್ಕ" ಎಂದಳು, ತಲೆ ಎತ್ತದೆ.

ಅವರು ನಿಂತರು. ಅವಳು ತಲೆ ಎತ್ತುವವರೆಗೆ ನಿಂತೇ ಇದ್ದರು.

"ಹಾಂ, ಕಾಣ್ತಿದೆ" ಎಂದು ಮುಂದಿನ ಮೇಜಿಗೆ ಹೋದರು.